ನಿರ್ಮಾಪಕರ ಕೈಗೆ ಕೊಡುವ ಮುನ್ನ ಚಿತ್ರಕಥೆಯನ್ನು ಅಣಿಗೊಳಿಸುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಹೊಸ ಬರಹಗಾರರ ಚಿತ್ರಕಥೆಗಳನ್ನು ಓದಿಕೊಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನಾಟಕ, ಯಕ್ಷಗಾನ ನೋಡುತ್ತ ಬೆಳೆದ ಇಲ್ಲಿನವರಿಗೆ ಮಾತು ಬರೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅವರು ಎಡವುವುದು ಮಾತು ಮಾತಿನ ನಡುವಿನ ವಿವರಣೆಯ ಸಾಲುಗಳಲ್ಲಿ. ಒಳ್ಳೆಯ ಕಥೆಯಿದ್ದೂ ಹತ್ತನೇ ಪುಟಕ್ಕೇ ಓದುವವರು ಪ್ರತಿಯನ್ನು ಕೆಳಗಿಡುವುದಕ್ಕೆ ಕಾರಣವೂ ಹೆಚ್ಚಾಗಿ ಅದೇ.

ಮೊದಲು ಪುಟವನ್ನು ಸಿದ್ಧಪಡಿಸಿಕೊಳ್ಳಿ. ಎ4 ಹಾಳೆ, ಒಂದೇ ಮಗ್ಗುಲು, ಬೈಂಡಿಂಗ್‌ಗಾಗಿ ಎಡಕ್ಕೆ ಒಂದೂವರೆ ಇಂಚು, ಉಳಿದ ಮೂರು ಕಡೆ ಒಂದೊಂದು ಇಂಚು ಜಾಗ, ಪುಟಸಂಖ್ಯೆ ಕಡ್ಡಾಯ. ಪ್ರತಿ ದೃಶ್ಯದ ತಲೆಬರಹದಲ್ಲಿ ಒಳಾಂಗಣವೋ ಹೊರಾಂಗಣವೋ, ಸ್ಥಳ ಯಾವುದು, ಹಗಲೋ ರಾತ್ರಿಯೋ ಎಂಬ ಮೂರು ಸಂಗತಿಗಳಿರಲಿ. ಎಡಕ್ಕೆ ದೃಶ್ಯ, ಬಲಕ್ಕೆ ಸಂಭಾಷಣೆ ಎಂದು ಪುಟವನ್ನು ಸೀಳುವ ಹಳೆಯ ಪದ್ಧತಿಯನ್ನು ನಿರ್ದೇಶಕರು ಕೇಳಿದರೆ ಮಾತ್ರ ಅನುಸರಿಸಿ.

ಎರಡನೆಯ ಹಂತಕ್ಕೆ ಒಂದು ವಾರವನ್ನಾದರೂ ಮೀಸಲಿಡಬೇಕು. ಪರದೆಯ ಮೇಲೆ ಕಾಣದ, ಕಿವಿಗೆ ಕೇಳದ ಯಾವುದೂ ಚಿತ್ರಕಥೆಯಲ್ಲಿ ಇರಕೂಡದು. ಉದಾಹರಣೆಗೆ, ಮಲ್ಪೆ ಬಂದರಿನ ಮುಂಜಾನೆಯ ದೃಶ್ಯವನ್ನು ಒಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: “ಹದಿನೈದು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ಸೋತು ಮರಳಿದ ಸದಾಶಿವನಿಗೆ ಅಪ್ಪನ ನೆನಪಾಗುತ್ತದೆ. ಅಪ್ಪನ ಬೋಟನ್ನು ಮಾರಿದ್ದು ತಪ್ಪಾಯಿತೆಂದು ಅವನಿಗೆ ಅನಿಸುತ್ತದೆ.” ಕಾದಂಬರಿಯಲ್ಲಿ ಇದಕ್ಕೆ ಅಡ್ಡಿಯಿಲ್ಲ. ಆದರೆ ಕ್ಯಾಮೆರಾ ಹಿಡಿದು ನಿಂತವನಿಗೆ ಇದರಲ್ಲಿ ಸಿಗುವುದು ಸುಮ್ಮನೆ ನಿಂತ ಒಬ್ಬ ಗಂಡಸು ಮಾತ್ರ. ಅದನ್ನೇ ಹೀಗೆ ತಿದ್ದಬಹುದು: “ಸದಾಶಿವ ಬಂದರಿನ ಅಂಚಿನಲ್ಲಿ ನಿಂತಿದ್ದಾನೆ. ಪಾಲಿಶ್ ಹಾಕಿದ ಬೂಟಿನ ಸುತ್ತ ಮೀನು ತೊಳೆದ ನೀರು. ಹಸಿರು ಬೋಟೊಂದು ದಡಕ್ಕೆ ತಾಗುತ್ತದೆ. ಅದರ ಮೇಲೆ ಬರೆದ ಹೊಸ ಹೆಸರಿನಡಿ ಹಳೆಯ ಹೆಸರಿನ ಅಕ್ಷರಗಳು ಇನ್ನೂ ಕಾಣುತ್ತಿವೆ. ಬುಟ್ಟಿ ಹೊತ್ತ ಮುದುಕಿಯೊಬ್ಬಳು ನಿಂತು ನೋಡಿ, ‘ನೀನು ಸದಿಯ ಅಲ್ವಾ ಮಾರಾಯಾ?’ ಎನ್ನುತ್ತಾಳೆ. ಅವನು ಬೋಟಿನಿಂದ ಕಣ್ಣು ತೆಗೆಯುವುದಿಲ್ಲ.” ಮುಂಬಯಿಯ ಹದಿನೈದು ವರ್ಷಗಳಲ್ಲಿ ಸ್ವಲ್ಪವನ್ನು ಆ ಬೂಟು ಹೇಳಿತು, ಉಳಿದದ್ದು ಮುಂದಿನ ದೃಶ್ಯಗಳಲ್ಲಿ ಯಾರದೋ ಬಾಯಿಂದ ಬಂದರೆ ಸಾಕು.

ಇದಕ್ಕೆ ನಾನು ಹೇಳಿಕೊಡುವ ಉಪಾಯವೆಂದರೆ, ಪ್ರತಿಯನ್ನು ಮುದ್ರಿಸಿಕೊಂಡು ಕೆಂಪು ಪೆನ್ನಿನಿಂದ ‘ನೆನಪಾಗುತ್ತದೆ’, ‘ಅನಿಸುತ್ತದೆ’, ‘ಅರಿವಾಗುತ್ತದೆ’, ‘ನಿರ್ಧರಿಸುತ್ತಾನೆ’ ಎಂಬ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯುವುದು. ಗೆರೆ ಬಿದ್ದ ಪ್ರತಿ ವಾಕ್ಯವನ್ನೂ ಒಂದು ವಸ್ತುವಾಗಿ, ಒಂದು ಚಲನೆಯಾಗಿ ಇಲ್ಲವೇ ಒಂದು ಸದ್ದಾಗಿ ಬದಲಿಸಬೇಕು, ಬದಲಿಸಲಾಗದಿದ್ದರೆ ಹೊಡೆದುಹಾಕಬೇಕು. ‘ಬಂದನು’, ‘ಹೋದಳು’ ಎಂಬ ಭೂತಕಾಲ ಬೇಡ. ಎಲ್ಲವೂ ವರ್ತಮಾನದಲ್ಲಿ, ನಾಲ್ಕು ಸಾಲು ಮೀರದ ಪ್ಯಾರಾಗಳಲ್ಲಿ ಇರಲಿ. ಕ್ಯಾಮೆರಾ ಎಲ್ಲಿಡಬೇಕು, ಹಿನ್ನೆಲೆ ಸಂಗೀತ ಹೇಗಿರಬೇಕು ಎಂಬ ಅಪ್ಪಣೆಗಳನ್ನೂ ಬಿಟ್ಟುಬಿಡಿ. ಊರಿನ ವಿವರಗಳನ್ನು ಊರಿನವರೇ ತಪ್ಪಾಗಿ ಬರೆಯುವುದೂ ಉಂಟು. ಮೇಲಿನ ದೃಶ್ಯವನ್ನು ಜುಲೈ ತಿಂಗಳಿಗೆ ಹಾಕಿದರೆ ಅದು ನಿಲ್ಲುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಟ್ರಾಲ್ ಬೋಟುಗಳೆಲ್ಲ ಕಟ್ಟಿಹಾಕಿಕೊಂಡಿರುತ್ತವೆ.

ಕನ್ನಡ ಚಿತ್ರಕಥೆಯಲ್ಲಿ ತುಳು ಸಂಭಾಷಣೆ ಬಂದರೆ ಅದರ ಕೆಳಗೆ ಕನ್ನಡದ ಅರ್ಥ ಕೊಡಿ. ಕುಂದಾಪ್ರ ಕನ್ನಡಕ್ಕೆ ಅದರ ಅಗತ್ಯವಿಲ್ಲ, ತಿದ್ದಿ ಪುಸ್ತಕದ ಭಾಷೆ ಮಾಡುವುದಂತೂ ಬೇಡವೇ ಬೇಡ.

ಚಿತ್ರದ ಉದ್ದವನ್ನು ಅಳೆಯುವಾಗ ಒಂದು ಪುಟಕ್ಕೆ ಒಂದು ನಿಮಿಷ ಎಂಬ ಸೂತ್ರವನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಇಂಗ್ಲಿಷಿನ ಕೊರಿಯರ್ ಎಂಬ ಫಾಂಟಿನ 12 ಪಾಯಿಂಟ್ ಗಾತ್ರಕ್ಕೆ ಹೊಂದಿಕೊಂಡು ಬಂದ ಲೆಕ್ಕ. ಎಲ್ಲ ಅಕ್ಷರಗಳಿಗೂ ಒಂದೇ ಅಗಲವಿರುವ ಅದರ ಶಿಸ್ತು ನಮ್ಮ ಒತ್ತಕ್ಷರಗಳಿಗೆ ಒಗ್ಗುವುದಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಹಾಕಿಕೊಂಡು, ಮಾತುಗಳನ್ನು ಗಟ್ಟಿಯಾಗಿ ಓದುತ್ತ, ಕ್ರಿಯೆಗಳನ್ನು ಮನಸ್ಸಿನಲ್ಲೇ ನಡೆಸುತ್ತ ಹತ್ತು ಪುಟ ಮುಗಿಸಿ. ನಿಮ್ಮ ಪ್ರತಿಯ ನಿಜವಾದ ಲೆಕ್ಕ ಆಗ ಸಿಗುತ್ತದೆ.

ಮುಂದಿನದು ಫೈಲಿನ ಗೋಳು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಸಿದ ವರ್ಡ್ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಡಿಟಿಪಿ ಅಂಗಡಿಗೆ ಕೊಡುವಾಗಲೇ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳುವ ಯೂನಿಕೋಡ್‌ನಲ್ಲಿ ಬೇಕೆಂದು ಹೇಳಿ, ಕಳುಹಿಸುವಾಗ ಪಿಡಿಎಫ್ ಮಾಡಿಯೇ ಕಳುಹಿಸಿ. ಹಳೆಯ ಫೈಲನ್ನು ಕ್ಷಣದಲ್ಲಿ ಬದಲಿಸಿಕೊಡುವ ಪುಕ್ಕಟೆ ಪರಿವರ್ತಕಗಳು ಸಮಯ ಉಳಿಸುತ್ತವೆ ಎಂದು ಹಿಗ್ಗಬೇಡಿ. ಅರ್ಕಾವತ್ತುಗಳು ಸ್ಥಾನ ತಪ್ಪಿ ಕುಳಿತಿರುವ ನೂರು ಪುಟಗಳನ್ನು ಒಮ್ಮೆ ಕೈಯಾರೆ ತಿದ್ದಿದ ನಾನು ಈಗ ಅಂಥ ಪ್ರತಿಯನ್ನು ಮುಟ್ಟುವುದಿಲ್ಲ. ದುಬಾರಿ ಚಿತ್ರಕಥಾ ತಂತ್ರಾಂಶ ಕೊಳ್ಳುವವರು ಹಣ ಕೊಡುವ ಮುನ್ನ ಅದರ ಪ್ರಾಯೋಗಿಕ ಆವೃತ್ತಿಯಲ್ಲಿ ಎರಡು ಪುಟ ಕನ್ನಡ ಟೈಪ್ ಮಾಡಿ, ಪಿಡಿಎಫ್ ಮಾಡಿ ನೋಡಿಕೊಳ್ಳಲಿ.

ಮುಖಪುಟದಲ್ಲಿ ಶೀರ್ಷಿಕೆ, ಹೆಸರು, ಫೋನ್ ಸಂಖ್ಯೆ, ಕರಡಿನ ದಿನಾಂಕ ಸಾಕು. ಜೊತೆಗೆ ಲಾಗ್‌ಲೈನ್, ಅಂದರೆ ಇಡೀ ಕಥೆಯನ್ನು ಹೇಳುವ ಒಂದು ವಾಕ್ಯ, ಮತ್ತು ಒಂದು ಪುಟದ ಕಥಾಸಾರ ಇಡಿ. ಕಥಾಸಾರದಲ್ಲಿ ಅಂತ್ಯವನ್ನೂ ಹೇಳಬೇಕು, “ಮುಂದೇನಾಯಿತು? ತೆರೆಯ ಮೇಲೆ ನೋಡಿ” ಎಂಬುದು ಪೋಸ್ಟರಿಗೆ ಸರಿ.

ಕಳುಹಿಸುವ ಮುನ್ನವೇ ನೋಂದಣಿ ಮಾಡಿಸಿ. ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ತನ್ನ ಸದಸ್ಯರ ಕೃತಿಗಳನ್ನು ನೋಂದಾಯಿಸಿಕೊಳ್ಳುತ್ತದೆ. ಕೇಂದ್ರ ಸರ್ಕಾರದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕವಿದ್ದು, ಅರ್ಜಿಯ ನಂತರ ಆಕ್ಷೇಪಣೆಗಾಗಿ 30 ದಿನ ಕಾಯಬೇಕಾಗುತ್ತದೆ. ತನ್ನ ವಿಳಾಸಕ್ಕೇ ರಿಜಿಸ್ಟರ್ಡ್ ಅಂಚೆ ಕಳುಹಿಸಿಕೊಂಡು ಲಕೋಟೆಯನ್ನು ಒಡೆಯದೆ ಇಟ್ಟುಕೊಳ್ಳುವ ಹಳೆಯ ಜಾಣತನ ನೋಂದಣಿಗೆ ಸಮನಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ರಕ್ಷಿಸುವುದು ಬರೆದ ಕೃತಿಯನ್ನೇ ಹೊರತು ಬರಿಯ ಕಥೆಯ ಎಳೆಯನ್ನಲ್ಲ. ಹಾಗಾಗಿ ಚಿತ್ರಕಥೆ ಮುಗಿಯುವ ಮೊದಲೇ ಹೋಟೆಲಿನಲ್ಲಿ ಕುಳಿತು ಕಥೆ ಹೇಳುವ ಚಪಲವನ್ನು ಹತ್ತಿಕ್ಕಿಕೊಳ್ಳಿ.

ಮುದ್ರಿತ ಪ್ರತಿ ಕೇಳಿದರೆ ಲೇಸರ್ ಮುದ್ರಣವನ್ನೇ ಮಾಡಿಸಿ, ಸ್ಪೈರಲ್ ಬೈಂಡ್ ಹಾಕಿಸಿ. ನಮ್ಮ ಮಳೆಗಾಲದಲ್ಲಿ ರಾತ್ರಿ ಬಸ್ಸಿಗೆ ಕಾಯುವಷ್ಟರಲ್ಲಿ ಇಂಕ್‌ಜೆಟ್ ಶಾಯಿ ಹರಡಿಬಿಡುತ್ತದೆ. ಲೇಸರ್ ಪ್ರತಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿಯೇ ಒಯ್ಯಿರಿ.