ಐಸ್‌ಕ್ರೀಂ ಫ್ರೀಜರ್‌ನಲ್ಲಿ ಲಿಲಿ ಆಫ್ ದ ವ್ಯಾಲಿ: ಚಿಕ್ಕಬಳ್ಳಾಪುರದ ನನ್ನ ಅನುಭವ

ಹೋದ ಡಿಸೆಂಬರ್‌ನಲ್ಲಿ ನಮ್ಮ ತೋಟದ ಲಿಲಿ ಆಫ್ ದ ವ್ಯಾಲಿ, ಅಂದರೆ ಗಂಟೆಯಂಥ ಪುಟ್ಟ ಬಿಳಿ ಹೂ ಬಿಡುವ ಚಳಿ ಸೀಮೆಯ ಗಿಡ, ಬೆಂಗಳೂರಿನ ಹೂವಿನ ಅಂಗಡಿ ಸೇರಿತು. ಕುಂಡಕ್ಕೆ ಸಾವಿರದ ಮೇಲೆ ಸಿಕ್ಕಿತು. ಚಿಕ್ಕಬಳ್ಳಾಪುರದಲ್ಲಿ ಇದು ಆಗೋ ಮಾತಾ ಅಂದವರೇ ಈಗ ಫೋನ್ ಮಾಡಿ, ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಗುಲಾಬಿ, ಜರ್ಬೆರಾ, ಲಿಲಿಯಂ ಬೆಳೆದು ಕೈ ಪಳಗಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೆರಳು ಪರದೆ, ಕೊಕೊಪೀಟ್ ಅಂದರೆ ಏನು ಅಂತ ವಿವರಿಸಲು ಹೋಗುವುದಿಲ್ಲ.

ಈ ಗಿಡದ ವಿಷಯಕ್ಕೆ ತೋಟದ ಹುಚ್ಚಿರುವವರು ಸಿಕ್ಕಾಪಟ್ಟೆ ಜಗಳ ಆಡುತ್ತಾರೆ. ಯುರೋಪ್, ಅಮೆರಿಕದ ಚಳಿ ಸೀಮೆಯವರಲ್ಲಿ ಒಂದು ಗುಂಪು ಇದನ್ನು ಕಳೆ ಅನ್ನುತ್ತದೆ. ಬೇರು ನೆಲದೊಳಗೆ ಹರಿದು ತೋಟವನ್ನೇ ನುಂಗುತ್ತದೆ, ಕಿತ್ತಷ್ಟೂ ಬರುತ್ತದೆ ಅನ್ನುವುದು ಅವರ ದೂರು. ಇನ್ನೊಂದು ಗುಂಪಿಗೆ ಇದು ಅಜ್ಜಿ ಕಾಲದ ಮುದ್ದಿನ ಗಿಡ. ಇದನ್ನೆಲ್ಲ ಓದಿಕೊಂಡ ಸ್ನೇಹಿತರೊಬ್ಬರು, ‘ನೆಲಕ್ಕೆ ಮಾತ್ರ ಹಾಕ್ಬೇಡಿ ಸಾರ್, ದ್ರಾಕ್ಷಿ ತೋಟಕ್ಕೆಲ್ಲ ಹಬ್ಬಿಬಿಡುತ್ತೆ’ ಅಂತ ನನಗೆ ಎಚ್ಚರಿಕೆ ಕೊಟ್ಟರು. ಹಬ್ಬುವುದು ಹಾಗಿರಲಿ, ನಮ್ಮ ಬೇಸಿಗೆ ದಾಟಿ ಬದುಕಿದ ಒಂದು ಎಲೆ ತೋರಿಸಿದ್ದರೆ ಅವರಿಗೆ ಶಾಲು ಹೊದಿಸುತ್ತಿದ್ದೆ. ಇನ್ನು ನಮ್ಮ ಕಡೆಯವರ ಮಾತು: ಊಟಿ, ಕೊಡೈಕೆನಾಲ್‌ಗಿಂತ ಕೆಳಗೆ ಇದರ ಹೆಸರೇ ಎತ್ತಬಾರದು. ಎಲ್ಲರೂ ನೆಲದಲ್ಲಿ ವರ್ಷಗಟ್ಟಲೆ ಇರುವ ಗಿಡದ ಲೆಕ್ಕದಲ್ಲೇ ಮಾತಾಡುತ್ತಿದ್ದರು. ನನಗೆ ಬೇಕಾಗಿದ್ದು ಒಂದು ಸೀಸನ್ನಿನ ಕುಂಡದ ಹೂವು.

ನಮ್ಮೂರಿನ ಚಳಿ ಇದಕ್ಕೆ ಸಾಲದು, ಅದು ನಿಜ. ನಂದಿಬೆಟ್ಟ 1,478 ಮೀಟರ್ ಎತ್ತರ ಇದ್ದರೂ ಅಲ್ಲಿನ ಡಿಸೆಂಬರ್ ಈ ಗಿಡಕ್ಕೆ ಚಳಿಗಾಲವೇ ಅಲ್ಲ. ಮೊಗ್ಗು ನಿದ್ದೆ ಮುಗಿಸಿ ಏಳಬೇಕಾದರೆ ಹತ್ತು ಹನ್ನೆರಡು ವಾರ ಸೊನ್ನೆ ಡಿಗ್ರಿಯ ಆಸುಪಾಸು ಬೇಕು. ಆದರೆ ಆ ಚಳಿ ಆಕಾಶದಿಂದಲೇ ಬರಬೇಕು ಅಂತ ಏನಿದೆ? ನೂರು ವರ್ಷಕ್ಕೂ ಹಿಂದೆಯೇ ಜರ್ಮನಿಯವರು ಇದರ ಪಿಪ್‌ಗಳನ್ನು, ಅಂದರೆ ಬೇರು ಸಮೇತ ಇರುವ ಮೊಗ್ಗುಗಳನ್ನು, ಹಿಮದಷ್ಟು ತಣ್ಣನೆಯ ಕೋಣೆಯಲ್ಲಿಟ್ಟು ಬೇಕೆಂದ ತಿಂಗಳಲ್ಲಿ ಹೂ ಬಿಡಿಸುತ್ತಿದ್ದರು. ಹಡಗಿನಲ್ಲಿ ಅಮೆರಿಕಕ್ಕೂ ಕಳಿಸುತ್ತಿದ್ದರು. ನಾನು ಆ ಹಳೇ ಕಸುಬನ್ನು ನಮ್ಮೂರಿಗೆ ಹೊಂದಿಸಿದೆ. ಹೊಂದಿಸುವುದರಲ್ಲೇ ಎರಡು ಲಕ್ಷದ ಹತ್ತಿರ ಕರಗಿತು.

ಲಿಲಿಯಂ ಗೆಡ್ಡೆ ತರಿಸುವವರೊಬ್ಬರ ಜೊತೆ ಸೇರಿ ಹಾಲೆಂಡಿನಿಂದ ಮೊದಲ ಸಲ ಸುಮಾರು 500 ಪಿಪ್ ತರಿಸಿದೆ. ಆಮದು ಪರ್ಮಿಟ್, ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ಗಿಡಕ್ಕೆ ರೋಗ, ಕೀಟ ಇಲ್ಲ ಅನ್ನುವ ಪತ್ರ), ಕ್ವಾರಂಟೈನ್ ತಪಾಸಣೆ, ವಿಮಾನದ ಬಾಡಿಗೆ ಎಲ್ಲ ಸೇರಿ ಒಂದಕ್ಕೆ 100 ರೂಪಾಯಿ ಬಿತ್ತು ಅಂತ ನೆನಪು. ಬೇರಿಗೆ ಮಣ್ಣು ಅಂಟಿರಬಾರದು, ಇದನ್ನು ಕಳಿಸುವವರಿಗೆ ಮೊದಲೇ ಒತ್ತಿ ಹೇಳಿ. ದಪ್ಪಗೆ, ತುದಿ ಮೊಂಡಾಗಿರುವ ಪಿಪ್ ಹೂವು ಕೊಡುತ್ತದೆ. ಸಣ್ಣಗೆ ಚೂಪಾಗಿದ್ದರೆ ಬರೀ ಎಲೆ. ಮೊದಲ ಲಾಟಿನಲ್ಲಿ ಐದರಲ್ಲಿ ಒಂದು ಚೂಪು ಮೂತಿಯದೇ ಇತ್ತು. ಅದಕ್ಕೂ ಅದೇ ರೇಟು!

ನವೆಂಬರ್‌ನಲ್ಲಿ ಬಂದ ಆ ಪಿಪ್‌ಗಳನ್ನು ಬಿತ್ತನೆ ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟೆ. ಅಲ್ಲಿ 3–4 ಡಿಗ್ರಿ ಇರುತ್ತದೆ. ಬಾಡಿಗೆ ಮೂಟೆ ಲೆಕ್ಕ, ನನ್ನದು ಒಂದೆರಡು ಕ್ರೇಟು. ದುಡ್ಡು ಕೇಳಲು ಅವರಿಗೇ ಸಂಕೋಚ. ಫೆಬ್ರವರಿಯಲ್ಲಿ ತೆಗೆದು ಕುಂಡಕ್ಕೆ ಹಾಕಿದೆ. ಮಾರ್ಚ್ ಮೊದಲ ವಾರ ಹೂವು ಬಂತು. ಹೊರಗೆ 32–33 ಡಿಗ್ರಿ. ಬೆಳಿಗ್ಗೆ ಅರಳಿದ ಹೂವಿನ ಅಂಚು ಮಧ್ಯಾಹ್ನಕ್ಕೆ ಕಂದು. ದಂಟು ಗಿಡ್ಡ, ಎಲೆಯೊಳಗೇ ಹುದುಗಿಕೊಂಡಿತ್ತು. ಒಂದು ಕುಂಡವೂ ಮಾರಾಟವಾಗಲಿಲ್ಲ. ನಾವು ಹೇಳಿರಲಿಲ್ವಾ ಅನ್ನುವವರು ತೋಟಕ್ಕೇ ಬಂದು ಹೇಳಿ ಹೋದರು. ಅವರು ಬಾಡಿದ್ದನ್ನು ನೋಡಿದರು, ನಾನು ಅರಳಿದ್ದನ್ನು ನೋಡಿದೆ. ಚಳಿ ಪಾಸಾಗಿತ್ತು, ತಿಂಗಳು ಫೇಲಾಗಿತ್ತು.

ಹೂವು ಡಿಸೆಂಬರ್‌ಗೆ ಬರಬೇಕು. ಆಗ ನಮ್ಮಲ್ಲಿ ರಾತ್ರಿ 14–15, ಹಗಲು 26ರ ಹತ್ತಿರ. ಈ ಹೂವು ಅರಳಿ ನಿಲ್ಲಲು ಅಷ್ಟು ತಂಪು ಸಾಕು. ಕ್ರಿಸ್‌ಮಸ್ ಬೇರೆ ಇರುತ್ತದೆ. ಆದರೆ ಹೊಸ ಪಿಪ್ ಕೈಗೆ ಬರುವುದೇ ನವೆಂಬರ್‌ನಲ್ಲಿ. ಹಾಗಾಗಿ ಈ ವರ್ಷ ಬಂದದ್ದನ್ನು ಮುಂದಿನ ನವೆಂಬರ್‌ವರೆಗೆ ಮಲಗಿಸಿಡಬೇಕು. ಮುಂದಿನ ಲಾಟನ್ನು ಅದೇ ಆಲೂಗಡ್ಡೆ ಕೋಣೆಯಲ್ಲಿ ಇಟ್ಟು ನೋಡಿದೆ. ಮೇ ಹೊತ್ತಿಗೆ ಕ್ರೇಟಿನೊಳಗೇ ಬಿಳಿ ಮೊಳಕೆ. ಮೂಟೆ ಹೊರಗೆ ಸಾಗಿಸುವ ದಿನಗಳಲ್ಲಿ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಅದು ಆಲೂಗಡ್ಡೆಗೆ ಕಟ್ಟಿದ ಕೋಣೆ, ಅವರನ್ನು ಬೈದು ಏನು ಬಂತು? 60–70 ಸಾವಿರ ತಿಪ್ಪೆ ಸೇರಿತು. ಮನೆಯಲ್ಲಿ ಆ ತಿಂಗಳು ನಾನು ಜಾಸ್ತಿ ಮಾತಾಡಲಿಲ್ಲ.

ಆಮೇಲೆ ಬಂದದ್ದು ಐಸ್‌ಕ್ರೀಂ ಫ್ರೀಜರ್. ಮುಚ್ಚಿಹೋದ ಬೇಕರಿಯೊಂದರಿಂದ 14 ಸಾವಿರಕ್ಕೆ ತಂದೆ. ಅದು ಮೈನಸ್ 18ಕ್ಕೆ ಹೋಗುವ ಪೆಟ್ಟಿಗೆ. ಹಾಗೇ ಬಿಟ್ಟರೆ ಎಲ್ಲ ಹಾಳು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಾವಿರ ಚಿಲ್ಲರೆಗೆ ಡಿಜಿಟಲ್ ಟೆಂಪರೇಚರ್ ಕಂಟ್ರೋಲರ್ ಕೊಂಡು, ಸೆನ್ಸರನ್ನು ಪಿಪ್‌ಗಳ ನಡುವೆ ಹುದುಗಿಸಿದೆ. ಮೊದಲ ಹತ್ತು ಹನ್ನೆರಡು ವಾರ ಒಂದೆರಡು ಡಿಗ್ರಿ, ಆಮೇಲೆ ನಿಧಾನವಾಗಿ ಇಳಿಸಿ ಮೈನಸ್ 2ರಲ್ಲಿ ನಿಲ್ಲಿಸಿದೆ. ಸುತ್ತ ಉಪ್ಪುನೀರು ತುಂಬಿದ ಬಾಟಲಿಗಳನ್ನು ಜೋಡಿಸಿದ್ದೇನೆ. ಕರೆಂಟ್ ಹೋದರೂ ಅರ್ಧ ದಿನ ಪೆಟ್ಟಿಗೆ ಅಲ್ಲಾಡುವುದಿಲ್ಲ. ನೀರಿಗೆ ಎಷ್ಟು ಉಪ್ಪು ಅನ್ನುವುದು ನನ್ನಲ್ಲೇ ಇರಲಿ. ವರ್ಷದ ಕೊನೆಗೆ ನೂರಕ್ಕೆ ಎಂಬತ್ತರ ಮೇಲೆ ಪಿಪ್ ಗಟ್ಟಿಯಾಗಿದ್ದವು. ಉಳಿದವು ಬೂಷ್ಟು ಹಿಡಿದವು.

ಎಬ್ಬಿಸುವುದರಲ್ಲೂ ಪಂಥಗಳಿವೆ. ಕೆಲವರು ನೇರವಾಗಿ ಕುಂಡಕ್ಕೆ ಹಾಕಿ ಅನ್ನುತ್ತಾರೆ. ನಾನು ಒಂದೆರಡು ದಿನ ತಣ್ಣಗೆ ಕರಗಲು ಬಿಟ್ಟು, ಆಮೇಲೆ ಬೆಚ್ಚನೆ ನೀರಿನಲ್ಲಿ ನೆನೆಸುತ್ತೇನೆ. ಮಲಗಿರುವ ಮೊಗ್ಗನ್ನು ಬಿಸಿನೀರಿನ ಸ್ನಾನದಿಂದ ಬೇಗ ಎಬ್ಬಿಸುವ ವಿಧಾನವನ್ನು ಹಾನ್ಸ್ ಮೋಲಿಷ್ ಅನ್ನುವ ಸಸ್ಯ ವಿಜ್ಞಾನಿ 1909ರಲ್ಲೇ ಬರೆದಿದ್ದರು. ನೀರಿನ ಬಿಸಿ, ನೆನೆಸುವ ಹೊತ್ತು ಎರಡನ್ನೂ ನಮ್ಮ ಪಿಪ್‌ಗೆ ತಕ್ಕಂತೆ ಬದಲಾಯಿಸಿಕೊಂಡಿದ್ದೇನೆ. ಅದು ಎರಡನೇ ಗುಟ್ಟು. ತೋಟಕ್ಕೆ ಬಂದವರಿಗೆ ಬೇಕಾದರೆ ತೋರಿಸುತ್ತೇನೆ.

ಕತ್ತಲೆಯ ಜಗಳ ಇನ್ನೂ ಜೋರು. ಕತ್ತಲಲ್ಲಿಟ್ಟರೆ ದಂಟು ಸೊರಗುತ್ತದೆ ಅನ್ನುವವರಿದ್ದಾರೆ. ಅರ್ಧ ಕುಂಡಗಳನ್ನು ಕಪ್ಪು ಪ್ಲಾಸ್ಟಿಕ್ ಕೆಳಗೆ ಹತ್ತು ದಿನದ ಮಟ್ಟಿಗೆ ಇಟ್ಟೆ, ಅರ್ಧವನ್ನು ಬೆಳಕಲ್ಲೇ ಬಿಟ್ಟೆ. ಕತ್ತಲೆಯವು ಎಲೆಗಿಂತ ಮೇಲೆದ್ದು, ಆಮೇಲೆ ಪರದೆಯ ಕೆಳಗೆ ಹಸಿರಾದವು. ಬೆಳಕಿನವು ಗಿಡ್ಡವಾಗೇ ಉಳಿದವು. ಅಂಗಡಿಯವರು ಆರಿಸಿಕೊಂಡದ್ದು ಕತ್ತಲೆಯವನ್ನೇ. ಕುಂಡಕ್ಕೆ ಹಾಕಿ ಮೂರೂವರೆ ನಾಲ್ಕು ವಾರಕ್ಕೆ ಹೂವು. ಗೊಬ್ಬರ ಬೇಡ, ಊಟ ಪಿಪ್‌ನಲ್ಲೇ ಇರುತ್ತದೆ. ಚೆನ್ನಾಗಿ ತೊಳೆದ ಕೊಕೊಪೀಟ್ ಸಾಕು. ನೀರು ಮಾತ್ರ ಮಳೆನೀರೇ ಆಗಬೇಕು. ನಮ್ಮ 1,200 ಅಡಿ ಬೋರಿನ ನೀರು ಹಾಕಿದ ಸಾಲಿನಲ್ಲಿ ಎಲೆ ತುದಿಯೆಲ್ಲ ಸುಟ್ಟುಹೋಯಿತು. ಬೆಂಗಳೂರ್ ಬ್ಲೂ ದ್ರಾಕ್ಷಿ ಚಪ್ಪರದ ಕೆಳಗೂ ಒಂದಿಷ್ಟು ಇಟ್ಟು ನೋಡಿದೆ. ನೆರಳೇನೋ ಚೆನ್ನಾಗಿತ್ತು, ಆದರೆ ದ್ರಾಕ್ಷಿಗೆ ಹೊಡೆದ ಮೈಲುತುತ್ತದ ಹನಿ ಬಿದ್ದು ಬಿಳಿ ಹೂವಿನ ಮೇಲೆ ನೀಲಿ ಚುಕ್ಕಿ.

ಮಾರುವ ವಿಷಯ. ಹೂವಿನ ಮಾರ್ಕೆಟ್ಟಿಗೆ ಒಯ್ಯಬೇಡಿ. ಅಲ್ಲಿ ಸೇವಂತಿಗೆ ತೂಗುವ ತಕ್ಕಡಿ. ಇದನ್ನು ತೂಗಿದರೆ ಆಟೋ ಬಾಡಿಗೆಯೂ ಹುಟ್ಟುವುದಿಲ್ಲ. ಒಬ್ಬ ದಲ್ಲಾಳಿ ಹೂವನ್ನು ನೋಡಿ, ‘ಇದೇನಣ್ಣ, ನುಗ್ಗೆ ಹೂವಾ?’ ಅಂದ. ಮದುವೆಗೆ ಬೊಕೆ ಕಟ್ಟುವ ಬೆಂಗಳೂರಿನ ಅಂಗಡಿಗಳಿಗೆ ಇದರ ಬೆಲೆ ಗೊತ್ತು. 2011ರಲ್ಲಿ ಬ್ರಿಟನ್ ರಾಜಕುಮಾರ ವಿಲಿಯಂ ಮದುವೆಯಲ್ಲಿ ವಧು ಹಿಡಿದ ಬೊಕೆಯಲ್ಲಿ ಇದೇ ಹೂವಿತ್ತು. ಆ ಫೋಟೋ ತೋರಿಸಿದ ಮೇಲೆ ಚೌಕಾಸಿ ಕಡಿಮೆಯಾಯಿತು. ಆರು ಪಿಪ್‌ನ ಕುಂಡಕ್ಕೆ ನನಗೆ ಖರ್ಚು 700ರ ಹತ್ತಿರ, ಸಿಕ್ಕಿದ್ದು 1,100ರಿಂದ 1,300. ಐವತ್ತು ಚಿಲ್ಲರೆ ಕುಂಡ ಹೋದವು. ಫ್ರೀಜರ್ ದುಡ್ಡು ವಾಪಸ್ ಬಂತು. ಹಳೇ ನಷ್ಟ ತೀರಲು ಇನ್ನೂ ಕೆಲವು ಡಿಸೆಂಬರ್ ಬೇಕು.

ಪರಿಮಳ ಅಷ್ಟು ಚೆನ್ನಾಗಿದೆಯಲ್ಲ ಅಂತ ಉಳಿದ ಹೂವನ್ನು ಭಟ್ಟಿ ಇಳಿಸಿಯೂ ನೋಡಿದೆ. ಬಂದದ್ದು ಬೇಯಿಸಿದ ಸೊಪ್ಪಿನ ವಾಸನೆ. ಸೆಂಟಿನ ಬಾಟಲಿಯಲ್ಲಿ ಬರುವ ಈ ಹೂವಿನ ಪರಿಮಳವೂ ಪ್ರಯೋಗಶಾಲೆಯಲ್ಲಿ ಬೆರೆಸಿ ಮಾಡಿದ್ದೇ. ಹೂ ಮುಗಿದ ಪಿಪ್‌ಗಳನ್ನು ನಂದಿ ತಪ್ಪಲಿನ ಸ್ನೇಹಿತರ ತೋಟದಲ್ಲಿ ನೆಟ್ಟಿದ್ದೇನೆ. ಮಳೆಗಾಲದಲ್ಲಿ ನಾಲ್ಕು ಎಲೆ ಬಿಡುತ್ತವೆ, ಹೂವಿಲ್ಲ. ಸುಮ್ನೆ ಇರಲಿ ಅಂತ ಬಿಟ್ಟಿದ್ದೇವೆ.

ಒಂದು ವಿಷಯದಲ್ಲಿ ಮಾತ್ರ ಯಾವ ಪಂಥದವರಿಗೂ ಭಿನ್ನಾಭಿಪ್ರಾಯ ಇಲ್ಲ. ಇದು ವಿಷದ ಗಿಡ. ಎಲೆ, ಹೂವು, ಬೇರು, ಕೆಂಪು ಹಣ್ಣು ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷವಿದೆ. ಹೂವು ಇಟ್ಟ ಹೂಜಿಯ ನೀರೂ ವಿಷವೇ. ಪಿಪ್ ಇಟ್ಟ ಫ್ರೀಜರ್‌ನಲ್ಲಿ ತಿನ್ನುವ ಪದಾರ್ಥ ಇಡಬೇಡಿ, ಬೀಗ ಹಾಕಿ. ಕೊಳ್ಳುವವರಿಗೂ ಬಾಯಿಬಿಟ್ಟು ಹೇಳಿ. ಹೇಳಿದ್ದಕ್ಕೆ ಒಬ್ಬರು ಕುಂಡ ವಾಪಸ್ ಇಟ್ಟು ಹೋದರು, ಹೋಗಲಿ.

ಈ ಸಲದ ಆರ್ಡರ್ ಸೆಪ್ಟೆಂಬರ್‌ನಲ್ಲಿ ಕಳಿಸುತ್ತೇನೆ. ಜೊತೆ ಸೇರಿದರೆ ಪರ್ಮಿಟ್, ಸಾಗಣೆ ಖರ್ಚು ಹಂಚಿಹೋಗುತ್ತದೆ, ಪಿಪ್ 80ಕ್ಕೆ ಬೀಳಬಹುದು. 200ಕ್ಕಿಂತ ಕಡಿಮೆ ಬೇಕೆನ್ನುವವರ ಲೆಕ್ಕ ಇಡಲು ನನಗೆ ಆಗುವುದಿಲ್ಲ. ಫ್ರೀಜರ್ ನಿಮ್ಮದು, ದುಡ್ಡು ಮುಂಗಡ.