ಜ್ಯಾಂಗೋ ಕಲಿಕೆ: ಏರು ಎಲ್ಲಿದೆ, ಹತ್ತಿದ್ದು ಹೇಗೆ

ಜ್ಯಾಂಗೋ ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್. ಪೈಥಾನ್ ಬಲ್ಲವರಿಗೆ ಅದರಲ್ಲಿ ಮೊದಲ ಪುಟ ತೋರಿಸುವುದು ಕಷ್ಟವಲ್ಲ. ಏರು ಶುರುವಾಗುವುದು ಆಮೇಲೆ. ನಾವು ಬರೆಯದ ಕೋಡ್ ಹಿಂದೆ ನಿಂತು ಬಹಳಷ್ಟು ಕೆಲಸ ಮಾಡುತ್ತಿರುತ್ತದೆ. ಏನಾದರೂ ಕೆಟ್ಟರೆ ಎಲ್ಲಿ ಹುಡುಕಬೇಕೆಂದೇ ಹೊಳೆಯುವುದಿಲ್ಲ. ಅದಕ್ಕೆ ನಾನು ಹಿಡಿದ ಕ್ರಮ ಇದು: ಬ್ರೌಸರ್ ಕಳಿಸುವ ಒಂದೇ ಒಂದು ರಿಕ್ವೆಸ್ಟ್ ಡೇಟಾಬೇಸ್‌ವರೆಗೆ ಹೋಗಿ ಬರುವ ದಾರಿಯನ್ನು ಕಣ್ಣಾರೆ ನೋಡುವುದು.

ಹೊಸ ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್ ಫೈಲಿನಲ್ಲಿ 7 ಮಿಡಲ್‌ವೇರ್‌ಗಳಿರುತ್ತವೆ, ಅಂದರೆ ನಮ್ಮ ಕೋಡಿಗೂ ಬ್ರೌಸರಿಗೂ ನಡುವಿನ ಪದರಗಳು. ರಿಕ್ವೆಸ್ಟ್ ಮೇಲಿನಿಂದ ಕೆಳಕ್ಕೆ, ರೆಸ್ಪಾನ್ಸ್ ಕೆಳಗಿನಿಂದ ಮೇಲಕ್ಕೆ ಇವನ್ನು ದಾಟುತ್ತದೆ. ಲಾಗಿನ್ ಆದ ಬಳಕೆದಾರರನ್ನು ಗುರುತಿಸುವ ಮಿಡಲ್‌ವೇರ್‌ಗೆ ಸೆಷನ್ (ಒಂದು ರಿಕ್ವೆಸ್ಟ್‌ನಿಂದ ಇನ್ನೊಂದಕ್ಕೆ ಉಳಿಯುವ ಮಾಹಿತಿ) ಬೇಕು, ಆದ್ದರಿಂದ ಸೆಷನ್ ಅದಕ್ಕಿಂತ ಮೇಲಿರಲೇಬೇಕು. ಪೋಸ್ಟ್ ಫಾರ್ಮ್ ಕಳಿಸಿದೊಡನೆ 403 (ಅನುಮತಿ ಇಲ್ಲ) ಬಂದರೆ ಹೆಚ್ಚಿನ ಸಲ ಟೆಂಪ್ಲೇಟಿನಲ್ಲಿ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮ ಸೈಟಿನದೇ ಎಂದು ತೋರಿಸುವ ಗುಪ್ತ ಗುರುತು) ಬಿಟ್ಟುಹೋಗಿರುತ್ತದೆ.

ಮೈಗ್ರೇಟ್ ಅಂದರೆ ನಮ್ಮ ಮಾಡೆಲ್‌ಗಳಿಗೆ (ಟೇಬಲ್ ಹೇಗಿರಬೇಕೆಂದು ಹೇಳುವ ಪೈಥಾನ್ ಕ್ಲಾಸ್‌ಗಳು) ತಕ್ಕಂತೆ ಡೇಟಾಬೇಸನ್ನು ಬದಲಿಸುವ ಕಮಾಂಡ್. ಮೊದಲ ಮೈಗ್ರೇಟ್‌ಗೂ ಮುಂಚೆ ಮಾಡಲೇಬೇಕಾದ ಕೆಲಸವೊಂದಿದೆ: ಖಾಲಿಯಾದರೂ ಸರಿ, ಸ್ವಂತ ಯೂಸರ್ ಮಾಡೆಲ್ ಬರೆದು ಸೆಟ್ಟಿಂಗ್ಸ್‌ನಲ್ಲಿ ಸೂಚಿಸುವುದು. ನಂತರ ಬದಲಿಸಹೊರಟರೆ ಅದನ್ನೇ ನೆಚ್ಚಿದ ಫಾರಿನ್ ಕೀಗಳನ್ನೆಲ್ಲ (ಬೇರೆ ಟೇಬಲ್‌ಗಳಿಂದ ಬರುವ ಕೊಂಡಿಗಳು) ಕೈಯಿಂದ ತಿದ್ದಬೇಕಾಗುತ್ತದೆ.

ಡೇಟಾಬೇಸ್ ಬದಲಾವಣೆಗಳನ್ನು ಬರೆದಿಟ್ಟ ಮೈಗ್ರೇಷನ್ ಫೈಲುಗಳನ್ನು ಅಳಿಸಿ ಹೊಸದಾಗಿ ಸೃಷ್ಟಿಸುವುದು ಹೊಸಬರ ಸಾಮಾನ್ಯ ತಪ್ಪು. ಯಾವ ಫೈಲು ಓಡಿದೆ ಎಂಬ ಲೆಕ್ಕ ಡೇಟಾಬೇಸಿನ ಪ್ರತ್ಯೇಕ ಟೇಬಲ್ಲಿನಲ್ಲಿದೆ. ಅದೇ ಹೆಸರಿನ ಹೊಸ ಫೈಲು ಕಂಡರೆ ಜ್ಯಾಂಗೋ "ಇದು ಆಗಿದೆ" ಎಂದು ಬಿಟ್ಟುಬಿಡುತ್ತದೆ. ಪುಟ ತೆರೆದಾಗ ಕಾಲಮ್ ಇಲ್ಲವೆಂಬ ಎರರ್ ಬರುತ್ತದೆ. ಪ್ರತಿ ಮೈಗ್ರೇಷನ್ ಓಡಿಸುವ ಮುನ್ನ ಎಸ್‌ಕ್ಯೂಎಲ್‌ಮೈಗ್ರೇಟ್ ಕಮಾಂಡ್ ಕೊಟ್ಟು ಏನು ಆಗಲಿದೆಯೆಂದು ಓದಿ.

ಹೆಚ್ಚು ಸಮಯ ಕೊಡಬೇಕಾದದ್ದು ಓಆರ್‌ಎಂಗೆ, ಅಂದರೆ ಪೈಥಾನ್ ಕೋಡನ್ನು ಡೇಟಾಬೇಸಿನ ಕ್ವೆರಿಗಳಾಗಿ (ಪ್ರಶ್ನೆಗಳಾಗಿ) ಬದಲಿಸುವ ಭಾಗಕ್ಕೆ. ಯಾವ ಸಾಲುಗಳು ಬೇಕೆಂದು ಹೇಳುವ ಕ್ವೆರಿಸೆಟ್ ಬರೆದ ಕೋಡ್ ಸಾಲಿನಲ್ಲಿ ಡೇಟಾಬೇಸಿಗೆ ಏನೂ ಹೋಗುವುದಿಲ್ಲ. ಲೂಪ್ ಹಾಕಿದಾಗ, ಉದ್ದ ಕೇಳಿದಾಗ, ಇಫ್‌ನಲ್ಲಿ ಪರೀಕ್ಷಿಸಿದಾಗ ಹೋಗುತ್ತದೆ. ಇದೆಯೋ ಇಲ್ಲವೋ ಅಷ್ಟೇ ತಿಳಿಯಬೇಕಿದ್ದರೆ ಎಕ್ಸಿಸ್ಟ್ಸ್ ಬಳಸಿ, ಬರಿಯ ಇಫ್ ಎಲ್ಲ ಸಾಲುಗಳನ್ನೂ ತಂದುಬಿಡುತ್ತದೆ. ಡೀಬಗ್ ಆನ್ ಇಟ್ಟು, ಡೇಟಾಬೇಸ್ ಬ್ಯಾಕೆಂಡ್ ಲಾಗರ್ ಅನ್ನೂ ಟರ್ಮಿನಲ್‌ಗೆ ಬರೆಯುವ ಹ್ಯಾಂಡ್ಲರ್ ಅನ್ನೂ ಡೀಬಗ್ ಮಟ್ಟಕ್ಕೆ ಇಳಿಸಿದರೆ ಪ್ರತಿಯೊಂದು ಕ್ವೆರಿಯೂ ಟರ್ಮಿನಲ್‌ನಲ್ಲಿ ಕಾಣುತ್ತದೆ. ನಾನು ಬೇರೆ ಯಾವುದಕ್ಕಿಂತಲೂ ಹೆಚ್ಚು ಕಲಿತದ್ದು ಆ ಲಾಗ್ ಓದಿಯೇ.

50 ಲೇಖನಗಳ ಪಟ್ಟಿಯಲ್ಲಿ ಪ್ರತಿಯೊಂದರ ಲೇಖಕರ ಹೆಸರು ತೋರಿಸಿ ನೋಡಿ: ಪಟ್ಟಿಗೆ 1, ಹೆಸರುಗಳಿಗೆ 50, ಒಟ್ಟು 51 ಕ್ವೆರಿ. ಸೆಲೆಕ್ಟ್ ರಿಲೇಟೆಡ್ ಸೇರಿಸಿದರೆ ಎರಡೂ ಟೇಬಲ್ ಜಾಯಿನ್ ಆಗಿ (ಸೇರಿಕೊಂಡು) ಒಂದಕ್ಕಿಳಿಯುತ್ತದೆ. ಇದು ಫಾರಿನ್ ಕೀ, ಒನ್ ಟು ಒನ್ ಸಂಬಂಧಗಳಿಗೆ ಮಾತ್ರ. ಲೇಖನಕ್ಕೆ ಹಲವು ಟ್ಯಾಗ್‌ಗಳಿದ್ದರೆ ಪ್ರಿಫೆಚ್ ರಿಲೇಟೆಡ್ ಬೇಕು. ಅದು ಲೇಖನಗಳಿಗೊಂದು, ಟ್ಯಾಗ್‌ಗಳಿಗೊಂದು ಎಂದು 2 ಕ್ವೆರಿ ಓಡಿಸಿ ಪೈಥಾನ್‌ನಲ್ಲೇ ಜೋಡಿಸುತ್ತದೆ. ಅನುಭವಿಗಳೂ ಎಡವುವುದು ಇಲ್ಲೇ: ಪ್ರಿಫೆಚ್ ಮಾಡಿದ ಮೇಲೆ ಲೂಪಿನೊಳಗೆ ಆ ಟ್ಯಾಗ್‌ಗಳ ಮೇಲೆ ಫಿಲ್ಟರ್ ಹಾಕಿದರೆ ತಂದಿಟ್ಟದ್ದು ಉಪಯೋಗಕ್ಕೆ ಬಾರದೆ ಪ್ರತಿ ಲೇಖನಕ್ಕೂ ಮತ್ತೆ ಕ್ವೆರಿ ಹೋಗುತ್ತದೆ. ಫಿಲ್ಟರ್ ಬೇಕೆಂದರೆ ಪ್ರಿಫೆಚ್ ಆಬ್ಜೆಕ್ಟ್‌ನೊಳಗೆ ಕೊಡಿ. ಆಮೇಲೆ ಕ್ವೆರಿಗಳನ್ನು ಎಣಿಸಿ ನೋಡುವ ಅಸರ್ಟ್‌ನಮ್‌ಕ್ವೆರೀಸ್ ಇಟ್ಟು ಒಂದು ಟೆಸ್ಟ್ ಬರೆಯಿರಿ. ಮುಂದೆ ಯಾರಾದರೂ ಟೆಂಪ್ಲೇಟ್ ಮುಟ್ಟಿ ಕ್ವೆರಿಗಳ ಸಂಖ್ಯೆ ಏರಿದರೆ ಟೆಸ್ಟ್ ಅಲ್ಲೇ ನಿಲ್ಲಿಸುತ್ತದೆ.