ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಸಂಸಾರ ಸಾಗಿಸುವ ಮುನ್ನ ಹಾಕಬೇಕಾದ ಲೆಕ್ಕ

ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆಗಳ ಕನ್ನಡ ಕುಟುಂಬಗಳು ಒಟ್ಟಿಗೆ ಊಟಕ್ಕೆ ಕುಳಿತರೆ, ಡಲ್ಲಾಸ್‌ಗೋ ಆಸ್ಟಿನ್‌ಗೋ ಹೊರಟುಹೋದವರ ಮಾತು ಬಾರದೆ ಇರುವುದಿಲ್ಲ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಇಲ್ಲಿನ ಎರಡು ಕೋಣೆಯ ಮನೆಯ ಬೆಲೆಗೆ ಅಲ್ಲಿ ಹಿತ್ತಿಲು ಸಹಿತ ನಾಲ್ಕು ಕೋಣೆಯ ಮನೆ ಸಿಗುತ್ತದೆ ಎನ್ನುವ ಎರಡೂ ಮಾತು ನಿಜ. ಆದರೆ ಈ ಎರಡನ್ನೇ ನಂಬಿಕೊಂಡು ಹೊರಟವರು ಎರಡನೆಯ ವರ್ಷ ಕೈಸುಟ್ಟುಕೊಳ್ಳುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ಅವರು ತಪ್ಪಿದ್ದು ಮುಂಚೆಯೇ ಕುಳಿತು ಹಾಕಬಹುದಾಗಿದ್ದ ಲೆಕ್ಕದಲ್ಲಿ.

ಮೊದಲು ಉಳಿಯುವ ಹಣ ಎಷ್ಟೆಂದು ನೋಡೋಣ. ಗಂಡ ಹೆಂಡತಿ ಸೇರಿ ವರ್ಷಕ್ಕೆ 2,00,000 ಡಾಲರ್ ಸಂಬಳ ಪಡೆದು ಜಂಟಿಯಾಗಿ ರಿಟರ್ನ್ ಸಲ್ಲಿಸುವ ಕುಟುಂಬಕ್ಕೆ, ಎಲ್ಲರಿಗೂ ಸಿಗುವ ಸಾಮಾನ್ಯ ಕಡಿತವನ್ನು (ಸ್ಟ್ಯಾಂಡರ್ಡ್ ಡಿಡಕ್ಷನ್) ಕಳೆದ ಮೇಲೆ, ಕ್ಯಾಲಿಫೋರ್ನಿಯಾದ ಆದಾಯ ತೆರಿಗೆ 10,000 ಡಾಲರ್‌ಗಳ ಆಸುಪಾಸಿನಲ್ಲಿ ಬೀಳುತ್ತದೆ. ಇದರ ಮೇಲೆ ರಾಜ್ಯದ ಅಂಗವೈಕಲ್ಯ ವಿಮೆಗೆಂದು ಸಂಬಳದಲ್ಲಿ ಹಿಡಿಯುವ ಎಸ್‌ಡಿಐ ಎಂಬ ಕಡಿತವಿದೆ. 2024ರಿಂದ ಅದಕ್ಕೆ ಸಂಬಳದ ಮಿತಿಯನ್ನೇ ತೆಗೆದುಹಾಕಲಾಗಿದೆ, 2025ರಲ್ಲಿ ಅದರ ದರ ಶೇ. 1.2 ಇತ್ತು. ಎರಡೂ ಸೇರಿ ಹನ್ನೆರಡು ಸಾವಿರ ಡಾಲರ್ ದಾಟುತ್ತದೆ. ಟೆಕ್ಸಾಸ್‌ನಲ್ಲಿ ಇವೆರಡೂ ಇಲ್ಲ. ವೈಯಕ್ತಿಕ ಆದಾಯ ತೆರಿಗೆಯನ್ನು ಅಲ್ಲಿನ ಮತದಾರರು 2019ರಲ್ಲಿ ರಾಜ್ಯದ ಸಂವಿಧಾನದಲ್ಲಿಯೇ ನಿಷೇಧಿಸಿದ್ದಾರೆ.

ಹಾಗಾದರೆ ಶಾಲೆಗಳಿಗೆ ಹಣ ಎಲ್ಲಿಂದ ಬರಬೇಕು? ಬಹುಪಾಲು ಆಸ್ತಿ ತೆರಿಗೆಯಿಂದ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ ಪ್ರಪೋಸಿಷನ್ 13 ಎಂಬ ಕಾನೂನಿನ ಪ್ರಕಾರ ಮೂಲ ತೆರಿಗೆ ಕೊಂಡ ಬೆಲೆಯ ಶೇ. 1ರಷ್ಟು, ಮತ್ತು ತೆರಿಗೆಗಾಗಿ ಕಟ್ಟುವ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಟೆಕ್ಸಾಸ್‌ನ ಹೊಸ ಬಡಾವಣೆಗಳಲ್ಲಿ ಶಾಲೆ, ಕೌಂಟಿ, ನಗರ, ಇವುಗಳ ಜೊತೆಗೆ ನೀರು ಮತ್ತು ಚರಂಡಿ ವ್ಯವಸ್ಥೆಗೆಂದು ರಚಿಸಿದ ಮಡ್ ಎಂಬ ಜಿಲ್ಲೆ, ಎಲ್ಲ ದರಗಳೂ ಕೂಡಿ ಶೇ. 2ರ ಹತ್ತಿರ ಹೋಗುವುದು ಸಾಮಾನ್ಯ, ಕೆಲವೆಡೆ ಅದನ್ನೂ ಮೀರುತ್ತದೆ. 5,00,000 ಡಾಲರ್ ಮನೆಗೆ ಶೇ. 2ರಂತೆ 10,000 ಡಾಲರ್ ಆಯಿತು. ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿಯಲ್ಲಿ, 2025ರಿಂದ ಶಾಲಾ ತೆರಿಗೆಯ ಲೆಕ್ಕಕ್ಕೆ 1,40,000 ಡಾಲರ್ ಮೌಲ್ಯ ಕಳೆಯುತ್ತದೆ. ಶಾಲಾ ದರ ಶೇ. 1 ಎಂದಿಟ್ಟುಕೊಂಡರೆ 1,400 ಡಾಲರ್ ಉಳಿಯಿತು. ಅಂದರೆ ಇಲ್ಲಿ ಬಾಡಿಗೆ ಮನೆಯಲ್ಲಿದ್ದು ಅಲ್ಲಿ ಮನೆ ಕೊಳ್ಳುವ ಕುಟುಂಬಕ್ಕೆ ಆದಾಯ ತೆರಿಗೆಯಲ್ಲಿ ಉಳಿದ ಹಣದ ದೊಡ್ಡ ಪಾಲು ಆಸ್ತಿ ತೆರಿಗೆಯಾಗಿ ಹೋಗುತ್ತದೆ. ನಿಜವಾದ ಲಾಭವಿರುವುದು ಮನೆಯ ಬೆಲೆಯಲ್ಲಿ, ಆದ್ದರಿಂದ ಚಿಕ್ಕ ಸಾಲದಲ್ಲಿ. ಅಲ್ಲಿ ಬೆಲೆ ಕಡಿಮೆಯೆಂದು ದುಪ್ಪಟ್ಟು ದೊಡ್ಡ ಮನೆ ಕೊಂಡರೆ ಆ ಲಾಭವೂ ಕೈಬಿಡುತ್ತದೆ.

ಮನೆ ನೋಡುವಾಗ ಮಾರುವವರು ಕಟ್ಟಿದ ಹಿಂದಿನ ವರ್ಷದ ತೆರಿಗೆ ರಸೀದಿಯನ್ನು ನಂಬಬೇಡಿ. ಹೋಮ್‌ಸ್ಟೆಡ್ ಇರುವ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರುವಂತಿಲ್ಲ ಎಂಬ ರಕ್ಷಣೆ ಆ ಮಾಲೀಕರದು. ಮನೆ ಕೈಬದಲಾದ ಮೇಲೆ ಮೌಲ್ಯ ಮತ್ತೆ ಮಾರುಕಟ್ಟೆಯ ಮಟ್ಟಕ್ಕೆ ಹೋಗುತ್ತದೆ. ಅವರು 65 ದಾಟಿದವರಾಗಿದ್ದರೆ ಅವರ ಶಾಲಾ ತೆರಿಗೆ ಸ್ಥಿರಗೊಂಡಿರುತ್ತದೆ, ನಿಮ್ಮದು ಹಾಗಿರುವುದಿಲ್ಲ. ಹೊಸದಾಗಿ ಕಟ್ಟಿದ ಮನೆಯಲ್ಲಿ ಮೋಸಹೋಗುವುದು ಇನ್ನೂ ಸುಲಭ: ಜನವರಿ 1ರಂದು ಬರಿಯ ನಿವೇಶನವಿದ್ದರೆ ಆ ವರ್ಷದ ತೆರಿಗೆ ನೆಲದ ಮೇಲೆ ಮಾತ್ರ, ಮರುವರ್ಷ ಇಡೀ ಮನೆಯ ಮೇಲೆ. ಸಾಲ ಕೊಟ್ಟ ಬ್ಯಾಂಕು ತೆರಿಗೆಗೆಂದು ತಿಂಗಳು ತಿಂಗಳು ಹಿಡಿದಿಟ್ಟ ಹಣ ಆಗ ಸಾಲದೆ, ಮಾಸಿಕ ಕಂತು ಒಮ್ಮೆಗೇ ನೂರಾರು ಡಾಲರ್ ಜಿಗಿಯುತ್ತದೆ. ಕೌಂಟಿಯ ಮೌಲ್ಯಮಾಪನ ಕಚೇರಿಯ ಜಾಲತಾಣದಲ್ಲಿ ಆ ವಿಳಾಸಕ್ಕೆ ಅನ್ವಯಿಸುವ ಪ್ರತಿಯೊಂದು ದರವೂ ಸಿಗುತ್ತದೆ. ಅವನ್ನು ಕೂಡಿಸಿ, ಕೊಳ್ಳುವ ಬೆಲೆಯಿಂದ ಗುಣಿಸಿ ನೀವೇ ಲೆಕ್ಕ ಮಾಡಿ.

ಎಚ್-1ಬಿ ವೀಸಾದಲ್ಲಿರುವವರು ಮನೆ ಹುಡುಕುವ ಮೊದಲು ಕಂಪನಿಯ ವಲಸೆ ವಕೀಲರೊಂದಿಗೆ ಮಾತನಾಡಬೇಕು. ಕೆಲಸದ ಸ್ಥಳ ಬೇರೊಂದು ಮಹಾನಗರ ಪ್ರದೇಶಕ್ಕೆ ಬದಲಾದರೆ, ಮನೆಯಿಂದಲೇ ಕೆಲಸ ಮಾಡುವವರಾದರೂ ಸರಿ, ಆ ಊರಿನ ಸಂಬಳದ ಮಟ್ಟಕ್ಕೆ ಒಪ್ಪುವಂತೆ ಕಂಪನಿ ಕಾರ್ಮಿಕ ಇಲಾಖೆಯಿಂದ ಪಡೆಯುವ ಎಲ್‌ಸಿಎ ಪತ್ರವನ್ನು ಹೊಸದಾಗಿ ಪಡೆದು ತಿದ್ದುಪಡಿಯ ಅರ್ಜಿಯನ್ನು ಸ್ಥಳ ಬದಲಿಸುವ ಮುನ್ನವೇ ಸಲ್ಲಿಸಿರಬೇಕು. ವಲಸೆ ಇಲಾಖೆಯ ಮೇಲ್ಮನವಿ ಕಚೇರಿ 2015ರಲ್ಲಿ ಕೊಟ್ಟ ಸಿಮಿಯೊ ತೀರ್ಪಿನ ನಂತರ ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಗ್ರೀನ್ ಕಾರ್ಡಿಗಾಗಿ ಕಂಪನಿ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಪಡೆಯುವ ಪರ್ಮ್ ಹಂತವೂ ಕೆಲಸದ ಊರಿಗೆ ಕಟ್ಟಿಕೊಂಡದ್ದಾದ್ದರಿಂದ, ಅದು ನಡೆಯುತ್ತಿರುವಾಗ ಊರು ಬಿಟ್ಟರೆ ಮೊದಲಿನಿಂದ ಶುರುಮಾಡಬೇಕಾಗಬಹುದು. ಅದರ ಮುಂದಿನ ಹಂತದ ಅರ್ಜಿಯಾದ ಐ-140 ಮಂಜೂರಾದವರಿಗೆ, ಸರದಿಯಲ್ಲಿನ ಸ್ಥಾನವನ್ನು ಹೇಳುವ ಪ್ರಯಾರಿಟಿ ಡೇಟ್ ಸಾಮಾನ್ಯವಾಗಿ ಉಳಿಯುತ್ತದೆ ಎಂಬುದು ವರ್ಷಗಟ್ಟಲೆ ಸರದಿಯಲ್ಲಿ ನಿಂತ ಭಾರತೀಯರಿಗೆ ಸಣ್ಣ ಸಮಾಧಾನವೇನಲ್ಲ. ಊರು ಬದಲಿಸಿದರೆ ಸಂಬಳ ಇಳಿಸುವ ಕಂಪನಿಗಳೂ ಇವೆ, ಆ ಅಂಕಿಯನ್ನು ಬರಹದಲ್ಲಿ ಪಡೆಯಿರಿ. ಹೋದ ಮೇಲೆ 10 ದಿನಗಳೊಳಗೆ ಎಆರ್-11 ನಮೂನೆಯಲ್ಲಿ ವಲಸೆ ಇಲಾಖೆಗೆ ವಿಳಾಸ ಬದಲಾವಣೆಯನ್ನು ತಿಳಿಸಬೇಕು.

ಇನ್ನು ಕ್ಯಾಲಿಫೋರ್ನಿಯಾದ ನಂಟು ಕಡಿದುಕೊಳ್ಳುವ ವಿಷಯ. ಇಲ್ಲಿನ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್, ನೀವು ಹೊರಗಿದ್ದ ದಿನಗಳನ್ನಷ್ಟೇ ಎಣಿಸುವುದಿಲ್ಲ. ನಿಮ್ಮ ಮನೆ, ಮಡದಿ ಮಕ್ಕಳು, ವಾಹನ, ಚಾಲನಾ ಪರವಾನಗಿ, ಮತದಾನದ ನೋಂದಣಿ, ವೈದ್ಯರು, ಬ್ಯಾಂಕು ಎಲ್ಲಿವೆ ಎಂದು ಒಟ್ಟಾರೆ ನೋಡುತ್ತದೆ. ಟೆಕ್ಸಾಸ್‌ನಲ್ಲಿ ಅಂಚೆ ವಿಳಾಸವೊಂದನ್ನು ಮಾಡಿಕೊಂಡು ಇಲ್ಲಿಯೇ ಬದುಕು ನಡೆಸುವುದು ಉಳಿತಾಯವಲ್ಲ, ತೆರಿಗೆ ವಂಚನೆ. ನಮ್ಮವರಲ್ಲಿ ಹೆಚ್ಚಾಗಿ ನಡೆಯುವುದು ಇನ್ನೊಂದು ಬಗೆ: ಮಕ್ಕಳ ಶಾಲೆಯ ವರ್ಷ ಮುಗಿಯಲೆಂದು ಒಬ್ಬರು ಮುಂದಾಗಿ ಹೋಗುತ್ತಾರೆ, ಇನ್ನೊಬ್ಬರು ಮಕ್ಕಳೊಂದಿಗೆ ಉಳಿಯುತ್ತಾರೆ. ಎರಡು ರಾಜ್ಯಗಳಲ್ಲಿಯೂ ದಂಪತಿಗಳ ಗಳಿಕೆ ಇಬ್ಬರಿಗೂ ಸಮಪಾಲು ಎಂಬ ಕಾನೂನಿದೆ. ಹಾಗಾಗಿ ಟೆಕ್ಸಾಸ್‌ನಲ್ಲಿ ನೆಲೆಸಿದವರ ಸಂಬಳದ ಅರ್ಧ ಭಾಗ, ಕ್ಯಾಲಿಫೋರ್ನಿಯಾದಲ್ಲಿ ಉಳಿದ ಸಂಗಾತಿಯ ಆದಾಯವೆಂದು ಇಲ್ಲಿ ತೆರಿಗೆಗೆ ಒಳಪಡುತ್ತದೆ. ಆರು ತಿಂಗಳು ಮೊದಲೇ ಹೋದದ್ದರಿಂದ ಎಷ್ಟು ಉಳಿಯಿತೆಂದು ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಕಂಪನಿಯ ಷೇರುಗಳ ರೂಪದಲ್ಲಿ ಬರುವ ಆರ್‌ಎಸ್‌ಯು ಇದ್ದವರು ಇನ್ನೊಂದು ಮಾತನ್ನು ಗಮನಿಸಬೇಕು. ಷೇರು ಕೊಡುವುದಾಗಿ ಕಂಪನಿ ಮಾತುಕೊಟ್ಟ ದಿನದಿಂದ ಅದು ವೆಸ್ಟ್ ಆಗುವ, ಅಂದರೆ ನಿಮ್ಮ ಸ್ವಂತದ್ದಾಗುವ, ದಿನದವರೆಗಿನ ಕೆಲಸದ ದಿನಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದುಡಿದ ಪಾಲು ಎಷ್ಟೋ, ಅಷ್ಟು ಪಾಲಿನ ಮೌಲ್ಯಕ್ಕೆ ನೀವು ಎಲ್ಲಿದ್ದರೂ ಕ್ಯಾಲಿಫೋರ್ನಿಯಾದ ತೆರಿಗೆ ಕಟ್ಟಬೇಕು. 36 ತಿಂಗಳಲ್ಲಿ ವೆಸ್ಟ್ ಆಗುವ ಷೇರಿಗೆ ನೀವು 24 ತಿಂಗಳು ಇಲ್ಲಿ ದುಡಿದಿದ್ದರೆ ಮೂರರಲ್ಲಿ ಎರಡು ಪಾಲು ಇಲ್ಲಿನದು. ಇಲ್ಲಿನ ಕೆಲಸಕ್ಕಾಗಿ ಕೊಟ್ಟ ಬೋನಸ್ಸಿಗೂ ಇದೇ ನ್ಯಾಯ. ಹೊರಟ ವರ್ಷಕ್ಕೆ 540ಎನ್‌ಆರ್ ನಮೂನೆಯಲ್ಲಿ ಭಾಗಶಃ ನಿವಾಸಿಯಾಗಿ ರಿಟರ್ನ್ ಸಲ್ಲಿಸಬೇಕು, ಮತ್ತು ತೆರಿಗೆಯ ದರವನ್ನು ಇಡೀ ವರ್ಷದ ಆದಾಯವನ್ನು ನೋಡಿಯೇ ನಿರ್ಧರಿಸಲಾಗುತ್ತದೆ.

ಇಲ್ಲಿ ಸ್ವಂತ ಮನೆಯಿದ್ದವರು ಅದನ್ನು ಬಾಡಿಗೆಗೆ ಕೊಟ್ಟು ಹೋದರೆ ಆ ಬಾಡಿಗೆಗೆ ಪ್ರತಿವರ್ಷ ಕ್ಯಾಲಿಫೋರ್ನಿಯಾ ರಿಟರ್ನ್ ತಪ್ಪದು. ಮಾರಾಟದ ಲಾಭದಲ್ಲಿ ದಂಪತಿಗಳಿಗೆ 5,00,000 ಡಾಲರ್‌ವರೆಗೆ ತೆರಿಗೆ ಇಲ್ಲ ಎಂಬ ಫೆಡರಲ್ ವಿನಾಯಿತಿ, ಮಾರುವ ಮುಂಚಿನ 5 ವರ್ಷಗಳಲ್ಲಿ 2 ವರ್ಷ ಅದೇ ಮನೆಯಲ್ಲಿ ವಾಸವಿದ್ದವರಿಗೆ ಮಾತ್ರ. ಅಂದರೆ ಬಾಡಿಗೆಗೆ ಕೊಟ್ಟು 3 ವರ್ಷ ಕಳೆದರೆ ಆ ಅವಕಾಶ ಮುಗಿಯಿತು. ನನ್ನ ಅಭಿಪ್ರಾಯ ಕೇಳುವುದಾದರೆ, ಹಿಂದಿರುಗುವ ಗಟ್ಟಿ ಉದ್ದೇಶವಿಲ್ಲದವರು ಆ ಅವಧಿಯೊಳಗೆ ಮಾರುವುದೇ ಒಳ್ಳೆಯದು. ಟೆಕ್ಸಾಸ್‌ನಲ್ಲಿ ಮಾತ್ರ ಮೊದಲ ವರ್ಷ ಬಾಡಿಗೆಯಲ್ಲಿರಿ; ಡಲ್ಲಾಸ್ ಬಳಿಯ ಫ್ರಿಸ್ಕೋದ ಬೇಸಿಗೆಯನ್ನೂ ಹ್ಯೂಸ್ಟನ್ ಬಳಿಯ ಶುಗರ್ ಲ್ಯಾಂಡಿನ ಮಳೆಯನ್ನೂ ಒಂದು ಸುತ್ತು ಅನುಭವಿಸದೆ ಮನೆ ಆರಿಸಬೇಡಿ.

ಹೋದ ಮೇಲಿನ ಕೆಲಸಗಳು ಸರಳ. ವಾಹನವನ್ನು 30 ದಿನಗಳಲ್ಲಿ ಕೌಂಟಿ ಕಚೇರಿಯಲ್ಲಿ ನೋಂದಾಯಿಸಬೇಕು, ಹೊಸ ನಿವಾಸಿಯ ವಾಹನ ತೆರಿಗೆ 90 ಡಾಲರ್. ಚಾಲನಾ ಪರವಾನಗಿಗೆ 90 ದಿನಗಳ ಗಡುವಿದ್ದರೂ ಕಚೇರಿಯಲ್ಲಿ ಸಮಯ ಸಿಗುವುದು ತಡವಾಗಬಹುದಾದ್ದರಿಂದ ಬೇಗ ಕಾಯ್ದಿರಿಸಿ. ಹೋಮ್‌ಸ್ಟೆಡ್ ವಿನಾಯಿತಿಗೆ ಪರವಾನಗಿಯ ವಿಳಾಸವೂ ಮನೆಯ ವಿಳಾಸವೂ ಒಂದೇ ಇರಬೇಕು. ವಿನಾಯಿತಿಯ ಅರ್ಜಿಗೆ ಕೌಂಟಿ ಶುಲ್ಕ ಪಡೆಯುವುದಿಲ್ಲವಾದ್ದರಿಂದ, ಹಣ ಕೇಳುವ ಖಾಸಗಿ ಪತ್ರಗಳನ್ನು ಕಸಕ್ಕೆ ಹಾಕಿ. ಡಲ್ಲಾಸ್ ಮತ್ತು ಹ್ಯೂಸ್ಟನ್ ಸುತ್ತಮುತ್ತ ವಿದ್ಯುತ್ ಕಂಪನಿಯನ್ನು ನೀವೇ ಆರಿಸಬೇಕು, ಆಸ್ಟಿನ್ ನಗರದಲ್ಲಿ ನಗರಸಭೆಯದೇ ಪೂರೈಕೆ. 1,000 ಯೂನಿಟ್ ಬಳಸಿದರೆ ಇಷ್ಟು ರಿಯಾಯಿತಿ ಎಂಬ ಯೋಜನೆಗಳು 990 ಯೂನಿಟ್ ಬಳಸಿದ ತಿಂಗಳು ದುಬಾರಿಯಾಗುತ್ತವೆ. ಸಗಟು ಮಾರುಕಟ್ಟೆಯೊಂದಿಗೆ ಏರಿಳಿಯುವ ದರವನ್ನು ಒಪ್ಪಲೇಬೇಡಿ; 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಅಂಥ ಯೋಜನೆಯಲ್ಲಿದ್ದವರಿಗೆ ಕೆಲವೇ ದಿನಗಳಿಗೆ ಸಾವಿರಾರು ಡಾಲರ್ ಬಿಲ್ಲು ಬಂದಿತ್ತು. ಮನೆಯ ವಿಮೆಯಲ್ಲಿ ಗಾಳಿ ಮತ್ತು ಆಲಿಕಲ್ಲಿನ ಹಾನಿಗೆ ನೀವೇ ಭರಿಸಬೇಕಾದ ಮೊತ್ತ ಸಾಮಾನ್ಯವಾಗಿ ಮನೆಯ ವಿಮಾ ಮೌಲ್ಯದ ಶೇ. 1 ಅಥವಾ 2 ಇರುತ್ತದೆ. 5,00,000 ಡಾಲರ್ ವಿಮೆಗೆ ಶೇ. 2 ಎಂದರೆ ಚಾವಣಿ ಹೋದಾಗ ಮೊದಲ 10,000 ಡಾಲರ್ ನಿಮ್ಮದೇ.

ಮಗುವೊಂದು ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿದ್ದರೆ ಬೇರೆ ಎಲ್ಲ ಲೆಕ್ಕಕ್ಕಿಂತ ಮೊದಲು ಕಾಲೇಜಿನ ಲೆಕ್ಕ ಹಾಕಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳಲ್ಲಿ ರಾಜ್ಯದ ನಿವಾಸಿಗಳಿಗೆ ಸಿಗುವ ಕಡಿಮೆ ಶುಲ್ಕದ ಅವಕಾಶ ಕೈತಪ್ಪಬಹುದು, ಟೆಕ್ಸಾಸ್‌ನಲ್ಲಿ ಆ ಸೌಲಭ್ಯ ಸಿಗಲು ಸಾಮಾನ್ಯವಾಗಿ 12 ತಿಂಗಳ ವಾಸ ತೋರಿಸಬೇಕು. ಈ ನಡುವೆ ಸಿಕ್ಕಿಕೊಂಡ ಮಗುವಿನ ನಾಲ್ಕು ವರ್ಷದ ಹೆಚ್ಚುವರಿ ಶುಲ್ಕ, ಹಲವು ವರ್ಷದ ತೆರಿಗೆ ಉಳಿತಾಯವನ್ನು ನುಂಗಬಲ್ಲದು. ಅಂಥ ಮನೆಯವರು ಎರಡು ವರ್ಷ ಕಾದು ಹೊರಡುವುದು ಮೇಲು.

ಸಾಮಾನು ಸಾಗಿಸಿದ ಲಾರಿಯ ಬಿಲ್ಲು, ಹಳೆಯ ಬಾಡಿಗೆ ಕರಾರು ಮುಗಿದ ಪತ್ರ, ಹೊಸ ಕರಾರು, ಮಕ್ಕಳ ಶಾಲಾ ವರ್ಗಾವಣೆಯ ಕಾಗದ, ಕ್ಯಾಲಿಫೋರ್ನಿಯಾಕ್ಕೆ ಕೆಲಸಕ್ಕೆಂದು ಬಂದುಹೋದ ದಿನಗಳ ಪಟ್ಟಿ, ಇವೆಲ್ಲವನ್ನೂ ಒಂದೇ ಕಡತದಲ್ಲಿ ಇಡಿ. ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್‌ಗೆ ಸಾಮಾನ್ಯವಾಗಿ ರಿಟರ್ನ್ ಸಲ್ಲಿಸಿದ 4 ವರ್ಷಗಳವರೆಗೆ ಪ್ರಶ್ನಿಸುವ ಅಧಿಕಾರವಿದೆ, ರಿಟರ್ನ್ ಸಲ್ಲಿಸದೇ ಇದ್ದವರ ವಿಷಯದಲ್ಲಿ ಆ ಕಾಲಮಿತಿಯೂ ಇಲ್ಲ.